ಇಳಿದವರು ಪಾದಚಾರಿಗಳು

ಸೈಕಲ್ ಪಥದ ಉದ್ಘಾಟನೆಯ ದಿನ ಮೇಯರ್ ಹನ್ನೆರಡು ಅಡಿ ಸೈಕಲ್ ಹೊಡೆದರು. ಹದಿಮೂರನೆಯ ಅಡಿಗೆ ಇಳಿದು, ಫೋಟೊದವರತ್ತ ಹಲ್ಲು ಕಿರಿದು, ಸೈಕಲ್ಲನ್ನು ಪಕ್ಕದವರ ಕೈಗೆ ದಾಟಿಸಿ ನಡೆಯುತ್ತಲೇ ನನ್ನ ಮುಂದೆ ಹಾದುಹೋದರು. ನಾನು ಪಾದಚಾರಿಗಳ ಕಾಲಮ್ಮಿನಲ್ಲಿ ಒಂದು ಗೀಟು ಎಳೆದೆ. ಅವರ ಹಿಂದೆ ಬಂದ ಹನ್ನೊಂದು ಅಧಿಕಾರಿಗಳೂ ಅಷ್ಟೇ, ಪಾದಚಾರಿಗಳು. ಸಂಜೆ ನಮ್ಮ ವಿಭಾಗದ ಎಂಜಿನಿಯರ್ ಹಾಳೆ ನೋಡಿ, "ಮೇಡಂ, ಮೇಯರನ್ನಾದ್ರೂ ಸೈಕಲ್ಲಿಗೆ ಸೇರಿಸಬಹುದಿತ್ತಲ್ಲ" ಎಂದರು. "ಇಳಿದವರು ಪಾದಚಾರಿಗಳು ಸರ್. ಕೈಪಿಡಿ, ಒಂಬತ್ತನೇ ನಿಯಮ" ಎಂದೆ. ಅವರು ಹಾಳೆ ಹಿಂದಿರುಗಿಸಿ ಹೊರಟರು. ನನ್ನ ಜೊತೆ ವಾದ ಮಾಡಿ ಗೆದ್ದವರು ಆ ಕಚೇರಿಯಲ್ಲಿ ಯಾರೂ ಇಲ್ಲ. ಗೆಲ್ಲುವಷ್ಟು ಹೊತ್ತು ನನ್ನ ಜೊತೆ ಕೂರುವವರೂ ಯಾರೂ ಇಲ್ಲ.

ನನ್ನ ಕೆಲಸ ಎಣಿಸುವುದು. ಮಹಾನಗರಪಾಲಿಕೆಯ ಸಂಚಾರ ವಿಭಾಗದ ಪರವಾಗಿ ಇಪ್ಪತ್ತಾರು ವರ್ಷದಿಂದ ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ತೊಡೆಯ ಮೇಲೊಂದು ಹಲಗೆ, ಹಲಗೆಯ ಮೇಲೆ ಹಾಳೆ, ನಾಲ್ಕು ನೆಟ್ಟಗಿನ ಗೀಟು, ಐದನೆಯದು ಅಡ್ಡ. ಈಗ ಯಂತ್ರಗಳು ಬಂದಿವೆ. ಆದರೆ ಯಂತ್ರಕ್ಕೆ ಸೈಕಲ್ಲಿಗೂ ಮಗುವಿನ ತಳ್ಳುಗಾಡಿಗೂ ವ್ಯತ್ಯಾಸ ತಿಳಿಯದೆ, ಒಂದು ವರ್ಷ ಎಳೆಮಕ್ಕಳನ್ನೆಲ್ಲ ಸವಾರರೆಂದು ಬರೆದುಕೊಟ್ಟು ಮಾನ ಕಳೆಯಿತು. ಆಮೇಲೆ ಮತ್ತೆ ನನ್ನನ್ನೇ ಕರೆದರು. 'ಅವರು ಎಣಿಸಿದ್ದು ಅಂದ್ರೆ ಎಣಿಸಿದ್ದೇ' ಎಂದು ಕಚೇರಿಯಲ್ಲಿ ಮಾತಿದೆ. ನನಗೆ ಸಿಕ್ಕ ಹೊಗಳಿಕೆ ಅದೊಂದೇ, ಅದರಲ್ಲೇ ನಾನು ಬೀಗುತ್ತಿದ್ದೆ.

ಜನ ಕಾರು ಬಿಟ್ಟು ಸೈಕಲ್ ಹಿಡಿಯಬೇಕು ಎಂದು ಸರ್ಕಾರಕ್ಕೆ ಆಗಾಗ ಅನ್ನಿಸುತ್ತದೆ. ಅನ್ನಿಸಿದಾಗಲೆಲ್ಲ ಒಂದು ಭಾಷಣ, ಒಂದು ಮೆರವಣಿಗೆ, ಸಾವಿರ ಟೀ ಶರ್ಟು. ಅದರಿಂದ ಮಾರನೇ ದಿನ ಒಬ್ಬರಾದರೂ ಸೈಕಲ್ ಹತ್ತಿದ್ದನ್ನು ನಾನು ಎಣಿಸಿಲ್ಲ. ಈ ಸಲ ಮಾತ್ರ ಯಾರೋ ಬುದ್ಧಿವಂತರು ಮೈಕು ಬಿಟ್ಟು ಬಣ್ಣದ ಡಬ್ಬಿ ಹಿಡಿದರು. ಅಂಗಡಿಗಳ ಮುಂದೆ ಕಾರು ನಿಲ್ಲುತ್ತಿದ್ದ ಜಾಗವನ್ನು ಕಿತ್ತುಕೊಂಡು ಐದಡಿ ಅಗಲದ ಹಸಿರು ಪಟ್ಟಿ ಬಳಿದು, ಲಾರಿಗಳಿಗೂ ಅದಕ್ಕೂ ನಡುವೆ ಸಿಮೆಂಟಿನ ದಿಮ್ಮಿ ಇಟ್ಟರು. ಆರು ತಿಂಗಳ ಪರೀಕ್ಷೆ. ದಿನಕ್ಕೆ ಸರಾಸರಿ ನಾನೂರು ಸೈಕಲ್ ಬಂದರೆ ಪಥ ಖಾಯಂ, ಅದಕ್ಕೊಂದು ಬೇರೆ ಸಿಗ್ನಲ್, ಸೈಕಲ್ ನಿಲ್ಲಿಸಲು ಚಪ್ಪರ, ದೊಡ್ಡಾಸ್ಪತ್ರೆಯವರೆಗೆ ವಿಸ್ತರಣೆ. ಬಾರದಿದ್ದರೆ ದಿಮ್ಮಿ ಎತ್ತಿ, ಬಣ್ಣ ಕೆರೆದು, ಜಾಗ ಕಾರುಗಳಿಗೆ ವಾಪಸ್. ಎದುರಿನ ಫರ್ನಿಚರ್ ಅಂಗಡಿಯವರು ಆ ದಿನಕ್ಕಾಗಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು.

ಮನೆಯಲ್ಲಿ ನಾನೊಬ್ಬಳೇ. ಎರಡು ಕೋಣೆ, ಎರಡು ಮಂಚ. ಅಕ್ಕ ಹೋಗಿ ಎರಡು ವರ್ಷವಾಯಿತು. ಅವಳ ಮಂಚದ ಮೇಲೆ ಈಗ ಮಡಿಸದ ಬಟ್ಟೆ ಬಿದ್ದಿರುತ್ತದೆ, ಅವಳಿದ್ದಿದ್ದರೆ ನನಗೆ ಗ್ರಹಚಾರ ಬಿಡಿಸುತ್ತಿದ್ದಳು. ಅಕ್ಕ ನರ್ಸ್. ಮೂವತ್ತು ವರ್ಷ ದೊಡ್ಡಾಸ್ಪತ್ರೆಗೆ ಸೈಕಲ್ಲಿನಲ್ಲೇ ಹೋಗಿಬಂದಳು, ಆಗ ಪಥವೂ ಇರಲಿಲ್ಲ, ದಿಮ್ಮಿಯೂ ಇರಲಿಲ್ಲ. ನನಗೂ ಅವಳೇ ಕಲಿಸಿದ್ದು. ಸೀಟು ಹಿಡಿದು ಹಿಂದೆ ಓಡುತ್ತ, "ಪುಟ್ಟಿ, ಹಿಂದೆ ನೋಡ್ಬೇಡ, ನಾನಿದೀನಿ" ಎನ್ನುತ್ತಿದ್ದಳು. ನಾನು ನೋಡಿದೆ. ಅವಳು ಎಂದೋ ಕೈ ಬಿಟ್ಟು ದೂರದಲ್ಲಿ ನಿಂತಿದ್ದಳು, ನಾನು ಬಿದ್ದೆ. ಮೊಣಕಾಲಿನ ಕಲೆ ಇನ್ನೂ ಇದೆ. ಐವತ್ತೊಂಬತ್ತು ವರ್ಷದವಳನ್ನು ಪುಟ್ಟಿ ಎಂದು ಕರೆಯುವವರು ಈಗ ಈ ಭೂಮಿಯ ಮೇಲೆ ಯಾರೂ ಇಲ್ಲ. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಬಾಯಿಂದ ಒಂದು ಮಾತೂ ಹೊರಡದ ವಾರಗಳಿದ್ದವು. ಸೋಮವಾರ ಹಾಲಿನವನಿಗೆ 'ಅರ್ಧ ಲೀಟರ್' ಎನ್ನುವಷ್ಟರಲ್ಲಿ ಗಂಟಲು ಕರಕರ ಎನ್ನುತ್ತಿತ್ತು. "ಶೀತನಾ ಅಮ್ಮ?" ಎಂದು ಅವನು ಕೇಳುತ್ತಿದ್ದ. ಹೌದು ಎನ್ನುತ್ತಿದ್ದೆ. ಒಂಟಿತನ ಎಂದು ಹಾಲಿನವನಿಗೆ ಹೇಳಲಾಗುತ್ತದೆಯೇ?

ಹೀಗಾಗಿ ಪಥದ ಜನವೇ ನನ್ನ ಜನವಾದರು. ಏಳೂ ಹತ್ತಕ್ಕೆ ಬ್ರೆಡ್ಡಮ್ಮ ಬರುತ್ತಿದ್ದಳು. ಬೇಕರಿ ಕೆಲಸದವಳು, ನಲವತ್ತರ ಆಸುಪಾಸು, ಸ್ವೆಟರಿನ ಮೊಣಕೈಗೆ ಹಿಂದಿನ ದಿನದ ಹಿಟ್ಟು ಮೆತ್ತಿರುತ್ತಿತ್ತು. ಎಂಟಕ್ಕೆ ಗಂಟೆಯಜ್ಜ. ರಸ್ತೆ ಖಾಲಿಯಿದ್ದರೂ ಎರಡು ಸಲ ಗಂಟೆ ಬಾರಿಸದೆ ಮುಂದೆ ಹೋಗುವವರಲ್ಲ. ಎಂಟೂವರೆಗೆ ಜಗಳದ ಗಂಡಹೆಂಡತಿ, ಸೈಕಲ್ ಎರಡು, ಜಗಳ ಒಂದೇ. ನನ್ನ ಕಿವಿಗೆ ದಿನಕ್ಕೆ ಹತ್ತು ಸೆಕೆಂಡಿನಷ್ಟು ಬೀಳುತ್ತಿತ್ತು. ಜಗಳದ ಮೂಲ ಅವನ ತಾಯಿ ಎಂದು ಪತ್ತೆ ಹಚ್ಚಲು ನನಗೆ ಎರಡು ತಿಂಗಳು ಹಿಡಿಯಿತು. ಇವರಲ್ಲಿ ಯಾರ ಜೊತೆಗೂ ನಾನು ಮಾತಾಡಿದವಳಲ್ಲ. ಎಣಿಸುವವರು ಎಣಿಕೆಗೆ ಬರುವವರ ಜೊತೆ ಮಾತಾಡಕೂಡದು, ಮಾತಾಡಿದರೆ ಅವರ ನಡತೆ ಬದಲಾಗುತ್ತದೆ. ಹದಿನಾಲ್ಕನೇ ನಿಯಮ. ನಾನು ಮುಖ ಗಂಟಿಕ್ಕಿಕೊಂಡು ಹಾಳೆ ನೋಡುತ್ತಿದ್ದೆ. ಆದರೆ ಅಜ್ಜ ಮೂರು ದಿನ ಬಾರದಿದ್ದಾಗ ನನಗೆ ಅನ್ನ ಸೇರಲಿಲ್ಲ. ನಾಲ್ಕನೇ ದಿನ ಆ ಗಂಟೆ ಎರಡು ಸಲ ಕೇಳಿದಾಗ ಕಣ್ಣು ಮಂಜಾಗಿ ಗೀಟು ಸೊಟ್ಟಗಾಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆದೇಶದಲ್ಲಿ ನನ್ನ ಜಾಗ 'ದೀಪದ ಕಂಬ ಹದಿನಾಲ್ಕು' ಎಂದಿತ್ತು. ಅಲ್ಲಿ ಹುಡುಕಿದರೂ ನೆರಳಿಲ್ಲ. ಎರಡನೇ ವಾರ ತಲೆಸುತ್ತು ಬಂದು, ಇಪ್ಪತ್ತು ಹೆಜ್ಜೆ ಹಿಂದಿದ್ದ ಮರದ ಕೆಳಗೆ ಕುರ್ಚಿ ಸರಿಸಿದೆ. ಅಲ್ಲಿ ಬುಡದ ಕಟ್ಟೆ ಪಥದೊಳಗೆ ಸ್ವಲ್ಪ ಚಾಚಿದೆ, ಒಂದು ಬೇರು ನೆಲವನ್ನು ಎತ್ತಿದೆ. ಕುರ್ಚಿಯ ಎರಡು ಕಾಲು ಹಸಿರು ಬಣ್ಣದ ಮೇಲೆ ಬರುತ್ತಿದ್ದವು. ಎರಡೇ ಕಾಲು, ಏನು ಮಹಾ ಎಂದುಕೊಂಡೆ. ಕುರ್ಚಿಯ ನೇರಕ್ಕೆ ನೆಲದ ಮೇಲೆ ಒಂದು ಹಳದಿ ಗೆರೆ ಎಳೆದುಕೊಂಡೆ. ಆ ಗೆರೆ ದಾಟುವಾಗ ಸೀಟಿನ ಮೇಲಿದ್ದವರು ಸವಾರರು, ನೆಲದ ಮೇಲಿದ್ದವರು ಪಾದಚಾರಿಗಳು. ಹಾಳೆಯ 'ಸ್ಥಳ' ಎಂಬಲ್ಲಿ ಮಾತ್ರ ಕಂಬ ಹದಿನಾಲ್ಕು ಎಂದೇ ಬರೆಯುತ್ತ ಹೋದೆ. ಇಪ್ಪತ್ತಾರು ವರ್ಷದಲ್ಲಿ ನಾನು ಬರೆದ ಒಂದೇ ಸುಳ್ಳು ಅದು.

ಅದೇ ವಾರ ಬ್ರೆಡ್ಡಮ್ಮನ ಹ್ಯಾಂಡಲ್ ನನ್ನ ಹಲಗೆಗೆ ತಾಗಿ ಹಾಳೆಗಳೆಲ್ಲ ರಸ್ತೆ ಪಾಲಾದವು. ಅವಳು ತಿರುಗಿ ನೋಡಿದಳು. ನಾನು 'ಹೋಗಿ ಹೋಗಿ' ಎಂದು ಕೈ ಬೀಸಿ ಲಾರಿಗಳ ನಡುವೆ ಬಗ್ಗಿ ಬಗ್ಗಿ ಆರಿಸಿಕೊಂಡೆ. ಮಾರನೇ ದಿನದಿಂದ ಅವಳು ಮರದ ಹತ್ತಿರ ಇಳಿದು, ಸಿಗ್ನಲ್‌ವರೆಗೆ ಸೈಕಲ್ ತಳ್ಳಿಕೊಂಡು ಹೋಗತೊಡಗಿದಳು. ಪಥ ಕಿರಿದು. ಮುಂದಿನವಳು ಇಳಿದರೆ ಹಿಂದಿನವರೂ ಇಳಿಯಬೇಕು. ಬರಬರುತ್ತ ಮುಂದೆ ಯಾರೂ ಇಲ್ಲದಿದ್ದರೂ ಇಳಿದರು. ಅಜ್ಜನೂ ಇಳಿದು, ತಳ್ಳುತ್ತಲೇ ಗಂಟೆ ಬಾರಿಸಿದರು. ಬೇರು ತಾಗುತ್ತದೆಂದು ಇಳಿಯುತ್ತಾರೆ ಎಂದು ನಾನು ಎಂಜಿನಿಯರಿಗೆ ಎರಡು ಸಲ ಚೀಟಿ ಬರೆದೆ, ಬೇರು ಕೆತ್ತಿಸಿ ಎಂದು. ಯಾರೂ ಬರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ನಿಮ್ಮದೇ ಪಥ ಕಣ್ರಪ್ಪ, ಹತ್ತಿಕೊಂಡು ಹೋಗಬಾರದೇ, ಎಂದು ಮನಸ್ಸಿನಲ್ಲೇ ಬೈಯುತ್ತ, ಕೈಯಲ್ಲಿ ಒಬ್ಬೊಬ್ಬರನ್ನೇ ಪಾದಚಾರಿ ಮಾಡುತ್ತಿದ್ದೆ.

ಪರೀಕ್ಷೆ ಮುಗಿಯಲು ಹತ್ತು ದಿನ ಇರುವಾಗ ಎಂಜಿನಿಯರ್ ಮರದ ಹತ್ತಿರವೇ ಬಂದರು, ಕಂಬದ ಸಂಖ್ಯೆಯತ್ತ ಅವರ ಗಮನ ಹೋಗಲಿಲ್ಲ. ನನ್ನ ಮಗನ ವಯಸ್ಸಿನವರು, ಮಗನಿದ್ದಿದ್ದರೆ. ಪಥಕ್ಕಾಗಿ ಮೇಲಿನವರ ಹತ್ತಿರ ಬೈಸಿಕೊಂಡವರು.

"ಸರಾಸರಿ ಇನ್ನೂರ ಮೂವತ್ತೊಂದು ಮೇಡಂ. ಮುಗೀತು. ಮುಂದಿನ ತಿಂಗಳು ಬಣ್ಣ ಕೆರೀತಾರೆ."

"ಇನ್ನೊಂದಷ್ಟು ದಿನ ಕೇಳಕ್ಕಾಗಲ್ವಾ ಸರ್?"

"ಏನಂತ ಕೇಳ್ಲಿ? ಬೇರೆ ಯಾರಾದ್ರೂ ಎಣಿಸಿದ್ರೆ ಲೆಕ್ಕ ತಪ್ಪಿರಬಹುದು ಅಂತ ಹೇಳಿ ನೋಡ್ತಿದ್ದೆ. ನೀವು ಎಣಿಸಿದ್ದು ಅಂದ್ಮೇಲೆ ನನ್ನ ಬಾಯಿ ಕಟ್ಟಿಹೋಗುತ್ತೆ."

ಹೊಗಳಿಕೆ ಕೇಳಿ ನಾನು ಮೊದಲ ಸಲ ತಲೆ ತಗ್ಗಿಸಿದೆ. ಆ ದಿನ ಮನೆಗೆ ಹೋದವಳಿಗೆ ದೀಪ ಹಾಕುವ ಮನಸ್ಸಾಗಲಿಲ್ಲ. ಪಥ ಹೋದರೆ ಬ್ರೆಡ್ಡಮ್ಮ ಲಾರಿಗಳ ನಡುವೆ ಹೋಗಬೇಕು, ಅಜ್ಜ ಮನೆಯಲ್ಲೇ ಕೂರಬೇಕು. ಅದು ದೊಡ್ಡ ಮಾತು. ಆದರೆ ಸುಳ್ಳು ಹೇಳಬಾರದು, ನನಗೆ ಹೆಚ್ಚು ಚುಚ್ಚಿದ್ದು ಇನ್ನೊಂದು: ಅವರು ನನ್ನ ಮುಂದೆ ಬರುವುದಿಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಅಷ್ಟು ದಿನವಾದರೂ ಅವರಿರುತ್ತಾರೆ ಎಂದುಕೊಂಡಿದ್ದೆ.

ಮಾರನೇ ಬೆಳಿಗ್ಗೆ ಏಳೂ ಹತ್ತಕ್ಕೆ ಹದಿನಾಲ್ಕನೇ ನಿಯಮವನ್ನು ಗಾಳಿಗೆ ತೂರಿದೆ. ಬ್ರೆಡ್ಡಮ್ಮ ಎಂದಿನಂತೆ ಇಳಿದಳು.

"ಸ್ವಲ್ಪ ನಿಲ್ತೀರಾ?" ಎಂದೆ. "ದಿನಾ ಇಲ್ಲಿ ಯಾಕೆ ಇಳೀತೀರಿ? ಆ ಬೇರು ಅಷ್ಟು ತಾಗುತ್ತಾ?"

ಅವಳು ನೆಲ ನೋಡಿದಳು. "ಯಾವ ಬೇರು?"

"ಮತ್ತೆ ಯಾಕೆ?"

"ನೀವು ಕೂತಿರ್ತೀರಲ್ಲ." ಇದೂ ಒಂದು ಪ್ರಶ್ನೆಯೇ ಎಂಬಂತೆ ಅವಳು ಹೇಳಿದಳು. "ಅವತ್ತು ನನ್ನಿಂದ ನಿಮ್ಮ ಕಾಗದ ಎಲ್ಲಾ ಹಾರಿಹೋಯ್ತು. ನೀವೊಬ್ರೇ ಲಾರಿ ಮಧ್ಯೆ ಓಡಾಡಿ ಆರಿಸ್ತಾ ಇದ್ರಿ, ಯಾರೂ ಬರ್ಲಿಲ್ಲ. ಬೇಕರಿಗೆ ಹೋದ್ರೂ ಅದೇ ಕಣ್ಣ ಮುಂದೆ. ಅವತ್ತಿಂದ ಇಳಿದು ಹೋಗೋದು. ಬೇರೆಯವ್ರಿಗೂ ಹೇಳಿದೀನಿ, ಕುರ್ಚಿಯಮ್ಮ ಇರ್ತಾರೆ, ಮರದ ಹತ್ರ ನಿಧಾನ ಅಂತ."

"ಯಾರು ಇರ್ತಾರೆ?"

ಅವಳು ನಾಲಿಗೆ ಕಚ್ಚಿಕೊಂಡಳು. "ಬೇಜಾರು ಮಾಡ್ಕೋಬೇಡಿ. ಹೆಸರು ಗೊತ್ತಿಲ್ವಲ್ಲ, ನಾವೆಲ್ಲಾ ಹಾಗೇ ಕರೆಯೋದು."

ಅವಳು ಹೊರಟುಹೋದಳು, ತಳ್ಳಿಕೊಂಡೇ. ಐದು ತಿಂಗಳಿಂದ ಇಷ್ಟು ಜನ ನನ್ನನ್ನು ನೋಡಿದ್ದರು, ನನಗೊಂದು ಹೆಸರಿಟ್ಟಿದ್ದರು, ನನಗಾಗಿ ದಿನಕ್ಕೆರಡು ಸಲ ಸೀಟಿನಿಂದ ಇಳಿದಿದ್ದರು. ನಾನು ಒಬ್ಬೊಬ್ಬರನ್ನೇ ಸೈಕಲ್ ಕಾಲಮ್ಮಿನಿಂದ ಹೊರಗೆ ಹಾಕಿದ್ದೆ. ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಅಂದು ಮೊದಲ ಸಲ ಕಾಲು ಗಂಟೆ ಏನನ್ನೂ ಎಣಿಸದೆ ಕೂತೆ.

ಹನ್ನೊಂದಕ್ಕೆ ಕಚೇರಿಗೆ ಹೋಗಿ ಎಂಜಿನಿಯರ್ ಮುಂದೆ ಎಲ್ಲವನ್ನೂ ಕಕ್ಕಿದೆ. ಕಂಬ, ಮರ, ಎರಡು ಕಾಲು, ಸ್ಥಳದ ಸುಳ್ಳು. ಅವರು ಹಾಳೆಗಳನ್ನು ತಿರುವಿದರು. ಪಾದಚಾರಿಗಳ ಕಾಲಮ್ಮು ಅಲ್ಲಿಯವರೆಗೆ ಯಾರೂ ಓದದ ಕಾಲಮ್ಮು.

"ದಿನಕ್ಕೆ ಮುನ್ನೂರ ಐವತ್ತು ಪಾದಚಾರಿಗಳು, ಅದೂ ಸೈಕಲ್ ಪಥದಲ್ಲಿ. ನಾನಾದ್ರೂ ಕೇಳಬೇಕಿತ್ತು" ಎಂದು ತಲೆ ಚಚ್ಚಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ಇದನ್ನ ಬರೆದುಕೊಟ್ರೆ ನಿಮ್ಮ ಆರು ತಿಂಗಳ ಎಣಿಕೆ ಪೂರ್ತಿ ರದ್ದು ಮೇಡಂ. ನಿಮ್ಮ ಹಳೇ ಎಣಿಕೆಗಳ ಮೇಲೂ ಮಾತು ಬರುತ್ತೆ" ಎಂದರು.

"ಬರ್ಲಿ" ಎಂದೆ. ಹೇಳುವುದು ಸುಲಭವಾಗಿತ್ತು, ಬರೆಯುವಾಗ ಮೂರು ಹಾಳೆ ಹಾಳಾದವು.

ಮೇಲಿನವರು ಒಂದೇ ಒಂದು ದಿನದ ಮರುಎಣಿಕೆಗೆ ಒಪ್ಪಿದರು. ಅಂದು ನಾನೂರು ದಾಟಿದರೆ ಪಥ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಜಾಗ ಬದಲಾದರೆ ಹೋಲಿಸಲಾಗದು, ಆದ್ದರಿಂದ ಅದೇ ಮರ, ಅದೇ ಹಳದಿ ಗೆರೆ. ಎಣಿಸುವವರು ಬೇರೆ, ಅವರು ರಸ್ತೆಯ ಆಚೆ ಕೂರಬೇಕು. ಪಥದ ಯಾರಿಗೂ ಒಂದು ಮಾತೂ ಹೇಳುವಂತಿಲ್ಲ. ನನಗೆ ಅಲ್ಲಿಯವರೆಗೆ ರಜೆ, ಮರದ ಕೆಳಗೆ ಕೂರುವಂತಿಲ್ಲ. ಕುರ್ಚಿಯನ್ನು ಕಚೇರಿಯ ಜವಾನ ಬಂದು ಎತ್ತಿಕೊಂಡು ಹೋದ.

ಮರುಎಣಿಕೆಗೆ ಇನ್ನೂ ಆರು ದಿನವಿತ್ತು, ಅಷ್ಟು ದಿನ ಮನೆಯಲ್ಲಿ ಏನು ಮಾಡಲಿ? ಮೆಟ್ಟಿಲ ಕೆಳಗೆ ಅಕ್ಕನ ಸೈಕಲ್ ಗೋಣಿ ಹೊದ್ದು ನಿಂತಿತ್ತು. ಹೊರಗೆ ಎಳೆದು ಧೂಳು ಒರೆಸಿದೆ, ಸರಪಳಿಗೆ ಎಣ್ಣೆ ಬಿಟ್ಟೆ, ಗಾಳಿ ತುಂಬಿದೆ. ಹಿಂದಿನ ಗಾಲಿ ಎರಡು ದಿನ ಹಟ ಮಾಡಿ ಕೊನೆಗೆ ಗಾಳಿ ಹಿಡಿದುಕೊಂಡಿತು. ಹತ್ತುವ ಧೈರ್ಯ ಮಾತ್ರ ಬರಲಿಲ್ಲ. ಹತ್ತಿ ಇಪ್ಪತ್ತು ವರ್ಷವಾಗಿತ್ತು.

ಮರುಎಣಿಕೆಯ ಬೆಳಿಗ್ಗೆ ಮನೆಯಲ್ಲಿ ಕೂರಲಾಗಲಿಲ್ಲ. ಸೈಕಲ್ ತಳ್ಳಿಕೊಂಡು ಪಥದ ಮೇಲ್ಗಡೆಯ ತುದಿಯವರೆಗೆ ಹೋಗಿ ನಿಂತೆ. ಕೂರಬೇಡ ಎಂದಿದ್ದರು, ನಿಲ್ಲಬೇಡ ಎಂದಿರಲಿಲ್ಲ. ದೂರದಲ್ಲಿ ಮರ, ಅದರ ಕೆಳಗೆ ಖಾಲಿ ನೆಲ. ರಸ್ತೆಯ ಆಚೆ ಹೊಸ ಎಣಿಕೆಯವನು ಛತ್ರಿ ಬಿಚ್ಚಿ ಕೂತಿದ್ದ. ಏಳೂ ಹತ್ತಕ್ಕೆ ಬ್ರೆಡ್ಡಮ್ಮ ನನ್ನನ್ನು ಗಮನಿಸದೆ ಮುಂದೆ ಹೋದಳು. ಕುರ್ಚಿ ಇಲ್ಲ, ಇಂದು ಹತ್ತಿಕೊಂಡೇ ಹೋಗುತ್ತಾಳೆ ಎಂದುಕೊಂಡೆ.

ಅವಳು ಇಳಿದಳು. ಗೆರೆಯ ಈಚೆಗೇ ನಿಂತು ಖಾಲಿ ಜಾಗವನ್ನು ನೋಡಿದಳು, ಮರದ ಹಿಂದೆ ಬಗ್ಗಿ ನೋಡಿದಳು. ಅವಳ ಹಿಂದಿದ್ದ ನಾಲ್ಕು ಜನ ಇಳಿದರು. ಅವರ ಹಿಂದೆ ಮತ್ತಾರು ಜನ. ಆಚೆ ಬದಿಯವನು ಪೆನ್ನು ತೆಗೆದ. ಒಬ್ಬಳು ಇಳಿದದ್ದರಿಂದ ಊರೇ ಇಳಿಯಲು ಕಲಿತಿತ್ತು, ಇವತ್ತೂ ಸಂಜೆಯವರೆಗೆ ಹೀಗೇ ಇಳಿಯುತ್ತದೆ, ನಾಳೆ ಬಣ್ಣ ಕೆರೆಯುತ್ತಾರೆ. ಕೂಗಿ ಹೇಳಲು ಬಾಯಿಗೆ ಬೀಗ. ನನ್ನ ಕೈಯಲ್ಲಿ ಸೈಕಲ್ಲಿತ್ತು, ನಾನೂ ಆಗ ಪಾದಚಾರಿಯೇ.

ಹೇಗೆ ಹತ್ತಿದೆನೋ ಗೊತ್ತಿಲ್ಲ. ಮೊದಲ ತುಳಿತಕ್ಕೆ ಹ್ಯಾಂಡಲ್ ದಿಮ್ಮಿಯ ಕಡೆ ಎಳೆಯಿತು, ಎರಡನೆಯದಕ್ಕೆ ಅಂಗಡಿಯ ಕಡೆ. ಮೊಣಕಾಲು ಕಟಕಟ ಎಂದಿತು. ನಿಂತ ಜನರ ಪಕ್ಕದಲ್ಲಿ ಒಂದೂವರೆ ಅಡಿ ಜಾಗವಿತ್ತು, ಅದರಲ್ಲೇ ನುಗ್ಗಿದೆ. "ಹುಷಾರು ಅಮ್ಮ!" ಎಂದು ಯಾರೋ ಕೂಗಿದರು. ಬ್ರೆಡ್ಡಮ್ಮನ ಮುಖ ನನ್ನತ್ತ ತಿರುಗಿತು. ನಾನು ಮಾತಾಡಲಿಲ್ಲ, ನಗಲಿಲ್ಲ. ಬೇರಿನ ಮೇಲೆ ಗಾಲಿ ಒಮ್ಮೆ ಕುಲುಕಿತು, ಅಷ್ಟೇ, ಅದು ಯಾವ ಲೆಕ್ಕಕ್ಕೂ ಇಲ್ಲದ ಬೇರು. ನನ್ನ ಜಾಗವನ್ನು ನಾನೇ ಇಳಿಯದೆ ದಾಟಿದೆ.

ಹಿಂದೆ ಸೀಟುಗಳು ಕಿರುಗುಟ್ಟಿದವು, ಸರಪಳಿಗಳು ಓಡಿದವು. ಎಷ್ಟು ಜನ ಹತ್ತಿದರು ಎಂದು ತಿರುಗಿ ನೋಡಲು ಕತ್ತು ತುಡಿಯಿತು. ಹಿಂದೆ ನೋಡಬೇಡ ಎಂದುಕೊಂಡು ಮುಂದೆ ತುಳಿದೆ.

ಸಿಗ್ನಲ್ ಹತ್ತಿರ ಬ್ರೆಡ್ಡಮ್ಮ ಏದುಸಿರು ಬಿಡುತ್ತ ಪಕ್ಕಕ್ಕೆ ಬಂದಳು, ಸೀಟಿನ ಮೇಲೆ ಕೂತೇ.

"ಅಯ್ಯೋ, ನೀವಾ! ಆರು ದಿನದಿಂದ ಕುರ್ಚಿ ಇಲ್ಲ, ನನಗೆ ಜೀವ ಹೋದಂಗಾಗಿತ್ತು. ಏನಾಯ್ತೋ ಅಂತ ದಿನಾ ಇಳಿದು ಹುಡುಕ್ತಾ ಇದ್ದೆ."

ನನಗೆ ಏನಾದರೂ ಆಗಿರಬಹುದು ಎಂದು ಒಬ್ಬರು ಹುಡುಕಿದ್ದರು. ಉತ್ತರ ಕೊಡಲು ನೋಡಿದೆ, ಗಂಟಲು ಕರಕರ ಎಂದಿತು.

"ಶೀತನಾ?" ಎಂದಳು.

"ಇಲ್ಲ" ಎಂದೆ. "ಮಾತಾಡಿ ಅಭ್ಯಾಸ ಇಲ್ಲ."

ಹಸಿರು ದೀಪ ಬಿತ್ತು, "ಎಲ್ರಿಗೂ ಹೇಳ್ತೀನಿ, ಕುರ್ಚಿಯಮ್ಮ ಈಗ ಸೈಕಲ್ ಹೊಡೀತಾರೆ, ಇಳಿಯೋದು ಬೇಡ ಅಂತ" ಎನ್ನುತ್ತ ಅವಳು ಬೇಕರಿಯ ಕಡೆ ತಿರುಗಿದಳು. ಇನ್ನೊಂದು ಸುತ್ತು ಹಾಕಿ ಮತ್ತೊಂದು ಗೀಟಾಗಬಹುದಿತ್ತು. ಹಾಕಲಿಲ್ಲ, ಅದು ಕಳ್ಳ ಎಣಿಕೆ. ಗಲ್ಲಿಯ ದಾರಿಯಿಂದ ಮನೆಗೆ ಬಂದೆ.

ಅಂದಿನ ಎಣಿಕೆ ಐನೂರ ಅರವತ್ತೆರಡು. ಎಂಜಿನಿಯರ್ ಫೋನ್ ಮಾಡಿ ಹೇಳಿದರು, ಅವರ ದನಿ ಒಡೆದಿತ್ತು. ಪಥ ಖಾಯಂ ಆಯಿತು. ಖಾಯಂ ಪಥವನ್ನು ಯಾರೂ ಎಣಿಸುವುದಿಲ್ಲ, ಆದ್ದರಿಂದ ಕುರ್ಚಿ ಮತ್ತೆ ಮರದ ಕೆಳಗೆ ಬರಲಿಲ್ಲ. ಉಳಿದ ನಾಲ್ಕು ತಿಂಗಳು ನನ್ನನ್ನು ಕಡತದ ಕೋಣೆಗೆ ಹಾಕಿದರು. 'ಅವರು ಎಣಿಸಿದ್ದು ಅಂದ್ರೆ ಎಣಿಸಿದ್ದೇ' ಎಂದು ಈಗ ಯಾರೂ ಅನ್ನುವುದಿಲ್ಲ.

ಕಡತದ ಕೋಣೆ ತೆರೆಯುವುದು ಹತ್ತಕ್ಕೆ. ನಾನು ಏಳೂ ಹತ್ತಕ್ಕೇ ಪಥದ ತುದಿಯಲ್ಲಿರುತ್ತೇನೆ. ಬ್ರೆಡ್ಡಮ್ಮ ಬರುತ್ತಾಳೆ, ಸಿಗ್ನಲ್‌ವರೆಗೆ ಜೊತೆಯಲ್ಲಿ ಹೋಗುತ್ತೇವೆ, ನಾಲ್ಕು ನಿಮಿಷ. ಹೋದ ವಾರ ಅವಳು ನನ್ನ ಹೆಸರು ಕೇಳಿದಳು. ಕಚೇರಿಯ ಪುಸ್ತಕದಲ್ಲಿರುವ ಹೆಸರು ಬಾಯಿವರೆಗೆ ಬಂತು.

"ಪುಟ್ಟಿ" ಎಂದೆ.